ಜೇಬಿನಲ್ಲಿದ್ದ ಫೋನ್ ತಾನೇ ಟಾರ್ಚ್ ಹಚ್ಚುತ್ತದೆ, ತಾನೇ 112ಕ್ಕೆ ಫೋನ್ ಮಾಡಲು ಹೊರಡುತ್ತದೆ. ನಿಲ್ಲಿಸುವುದು ಹೇಗೆ?

ಬಸ್ ಕಂಡಕ್ಟರ್, ಯಾದಗಿರಿ

ನಮ್ಮದು ಯಾದಗಿರಿ, ಶಹಾಪುರ, ಸುರಪುರ ಲೈನ್. ಕೈಯಲ್ಲಿ ಟಿಕೆಟ್ ಮಷಿನ್, ಹೆಗಲಿಗೆ ಚರ್ಮದ ಬ್ಯಾಗ್, ಪ್ಯಾಂಟಿನ ಎಡಜೇಬಿನಲ್ಲಿ ಫೋನ್. ಬ್ಯಾಗ್ ಬಂದು ಒರಗುವುದೂ ಅದೇ ಎಡಜೇಬಿನ ಮೇಲೆ. ಶಕ್ತಿ ಯೋಜನೆ ಬಂದ ಮೇಲೆ ಬಸ್ಸಿನೊಳಗೆ ಕಾಲಿಡಲು ಜಾಗ ಇರುವುದಿಲ್ಲ. ಮುಂದಿನ ಬಾಗಿಲಿನಿಂದ ಹಿಂದಿನ ಸೀಟಿನವರೆಗೆ ಜನರ ನಡುವೆ ನುಸುಳಿಕೊಂಡೇ ಶೂನ್ಯ ಟಿಕೆಟ್ ಕೊಡಬೇಕು.

ಈ ನೂಕಾಟದಲ್ಲಿ ಫೋನ್ ಹುಚ್ಚಾಟ ಆಡುತ್ತದೆ. ಟಾರ್ಚ್ ಹತ್ತಿಕೊಂಡು ಉರಿಯುತ್ತಿರುತ್ತದೆ, ತೊಡೆ ಬಿಸಿಯಾದಾಗಲೇ ಗೊತ್ತಾಗುವುದು. ಕ್ಯಾಮೆರಾ ತೆರೆದುಕೊಂಡು ಬರೀ ಕಪ್ಪು ಫೋಟೊ ತೆಗೆದಿಟ್ಟಿರುತ್ತದೆ. ಸಂಜೆ ಟ್ರಿಪ್ಪಿಗೆ ಬ್ಯಾಟರಿ ಖಾಲಿ.

ಮೊನ್ನೆಯದಂತೂ ಕೇಳಲೇಬೇಡಿ. ಶಹಾಪುರ ಸ್ಟ್ಯಾಂಡ್ ಬಿಟ್ಟು ಸ್ವಲ್ಪ ದೂರ ಬಂದಿದ್ದೆವು, ಜೇಬಿನೊಳಗಿಂದ ಸೈರನ್ ಕೂಗಲು ಶುರುವಾಯಿತು. ಇಡೀ ಬಸ್ಸು ನನ್ನ ಕಡೆ ತಿರುಗಿತು. "ಏನೋ ತಮ್ಮಾ, ಪೊಲೀಸರು ಬಂದ್ರೇನು?" ಅಂತ ಒಬ್ಬ ಅಜ್ಜಿ ಕೇಳಿದಳು. ತೆಗೆದು ನೋಡಿದರೆ ತುರ್ತು ಕರೆಗೆ ಐದು, ನಾಲ್ಕು, ಮೂರು ಅಂತ ಎಣಿಸುತ್ತಿದೆ! ಕರೆ ಹೋಗುವ ಮುಂಚೆ ನಿಲ್ಲಿಸಿದೆ.

ಇಲ್ಲಿಯ ಅಂಗಡಿಯವನೊಬ್ಬ ಫೋನ್ ರೀಸೆಟ್ ಮಾಡಿಸಿ ಅನ್ನುತ್ತಾನೆ. ಮಾಡಿಸಬೇಕಾ? ಆಂಡ್ರಾಯ್ಡ್ ಫೋನು, ಹಳೆಯದೇನಲ್ಲ.

ಮೊಬೈಲ್ ರಿಪೇರಿ, ಸೂಪರ್ ಮಾರ್ಕೆಟ್, ಕಲಬುರಗಿ

ರೀಸೆಟ್ ಬೇಡ ಅಣ್ಣಾ. ಬಟನ್ ಒತ್ತಿದರೆ, ಸ್ಕ್ರೀನ್ ತಟ್ಟಿದರೆ ಟಾರ್ಚು, ಕ್ಯಾಮೆರಾ ತೆರೆಯುವ ಈ ಶಾರ್ಟ್‌ಕಟ್‌ಗಳಲ್ಲಿ ಎಷ್ಟೋ ಫೋನ್ ಡಬ್ಬಿಯಿಂದ ಬರುವಾಗಲೇ ಆನ್ ಇರುತ್ತವೆ. ರೀಸೆಟ್ ಮಾಡಿದರೆ ನೀವು ಆಫ್ ಮಾಡಿದ್ದೂ ಮತ್ತೆ ಆನ್ ಆಗುತ್ತದೆ. ಮೇಲಾಗಿ ಫೋಟೊ, ಮೆಸೇಜು ಎಲ್ಲ ಹೋಗುತ್ತವೆ.

ನಿಮ್ಮದರಲ್ಲಿ ಎರಡು ಬೇರೆ ಬೇರೆ ಕಾರಣ ಇದ್ದಂತಿದೆ. ಕ್ಯಾಮೆರಾ ಮತ್ತು ಸೈರನ್, ಇವೆರಡೂ ಪವರ್ ಬಟನ್ ಕೆಲಸ. ಬಹಳ ಫೋನ್‌ಗಳಲ್ಲಿ ಎರಡು ಸಲ ಒತ್ತಿದರೆ ಕ್ಯಾಮೆರಾ, ಬೇಗ ಬೇಗ ಐದು ಸಲ ಒತ್ತಿದರೆ ತುರ್ತು ಕರೆ. ಒತ್ತುತ್ತಿರುವುದು ನಿಮ್ಮ ಬ್ಯಾಗು. ಇವತ್ತೇ ಫೋನನ್ನು ಬಲಜೇಬಿಗೆ ಹಾಕಿ ನೋಡಿ, ಅರ್ಧ ತೊಂದರೆ ಅಲ್ಲೇ ಕಮ್ಮಿ ಆಗುತ್ತದೆ.

ಟಾರ್ಚ್ ಬೇರೆ ಲೆಕ್ಕ. ಎರಡು ಸಲ ತಟ್ಟಿದರೆ ಸ್ಕ್ರೀನ್ ಎಚ್ಚರವಾಗುವ ಸೌಲಭ್ಯ ಆನ್ ಇದ್ದರೆ, ಬೆವರಿದ ತೊಡೆ ತೆಳು ಜೇಬಿನ ಬಟ್ಟೆಯ ಮೂಲಕವೇ ಬೆರಳಿನಂತೆ ತಗಲುತ್ತದೆ. ಸ್ಕ್ರೀನ್ ಎಚ್ಚರವಾದರೆ ಲಾಕ್ ಸ್ಕ್ರೀನಿನ ಟಾರ್ಚ್ ಗುರುತು ಅಲ್ಲೇ ಕಾಯುತ್ತಿರುತ್ತದೆ. ನಮ್ಮ ಕಡೆ ಬೇಸಿಗೆಯಲ್ಲಿ ಈ ದೂರು ಜಾಸ್ತಿ. ಸ್ಕ್ರೀನ್ ಹೊರಗಡೆ ಮುಖ ಮಾಡಿ ಇಟ್ಟುಕೊಳ್ಳಿ.

ಇನ್ನು ಸೆಟ್ಟಿಂಗ್ಸ್. ಹೆಸರು ಕಂಪನಿಗೊಂದು ಥರ, ಹಾಗಾಗಿ ಮೇಲಿನ ಹುಡುಕುವ ಜಾಗದಲ್ಲಿ "ಜೆಸ್ಚರ್" (gesture, ಅಂದರೆ ತಟ್ಟುವ, ಗೀಚುವ ಸನ್ನೆ) ಅಂತ ಇಂಗ್ಲಿಷಿನಲ್ಲಿ ಹಾಕಿ ನೋಡುವುದೇ ಸುಲಭ. ಪಿಕ್ಸೆಲ್ ಥರದ ಫೋನಿನಲ್ಲಿ ಸಿಸ್ಟಂ, ಅದರೊಳಗೆ ಜೆಸ್ಚರ್ಸ್. ಸ್ಯಾಮ್‌ಸಂಗ್‌ನಲ್ಲಿ ಅಡ್ವಾನ್ಸ್ಡ್ ಫೀಚರ್ಸ್. ಶವೋಮಿಯಲ್ಲಿ ಅಡಿಷನಲ್ ಸೆಟ್ಟಿಂಗ್ಸ್ ಒಳಗೆ ಜೆಸ್ಚರ್ ಶಾರ್ಟ್‌ಕಟ್ಸ್. ಒನ್‌ಪ್ಲಸ್, ಒಪ್ಪೊ, ರಿಯಲ್‌ಮಿ ಆಗಿದ್ದರೆ ಸ್ಕ್ರೀನ್ ಆಫ್ ಜೆಸ್ಚರ್ಸ್ ಅಂತ ಇರುತ್ತದೆ ನೋಡಿ. ಕಪ್ಪು ಸ್ಕ್ರೀನಿನ ಮೇಲೆ ಇಂಗ್ಲಿಷಿನ ವಿ ಅಕ್ಷರ ಎಳೆದರೆ ಟಾರ್ಚ್, ಓ ಎಳೆದರೆ ಕ್ಯಾಮೆರಾ. ಜೇಬಿನಲ್ಲಿ ವಿ ಗೀಚಲು ಎಷ್ಟು ಹೊತ್ತು ಬೇಕು ಹೇಳಿ! ಅದನ್ನು ಮೊದಲು ಆಫ್ ಮಾಡಿ.

ಸ್ಯಾಮ್‌ಸಂಗ್‌ನ ಡಿಸ್‌ಪ್ಲೇ ಒಳಗೆ ಆಕ್ಸಿಡೆಂಟಲ್ ಟಚ್ ಪ್ರೊಟೆಕ್ಷನ್ ಇದೆ, ಬೇರೆ ಕೆಲವರು ಪಾಕೆಟ್ ಮೋಡ್ ಅನ್ನುತ್ತಾರೆ. ಅದನ್ನು ಆನ್ ಇಡಿ. ಆದರೆ ಪೂರ್ತಿ ನಂಬಬೇಡಿ. ಕಮ್ಮಿ ಬೆಲೆಯ ಕೆಲವು ಫೋನ್‌ಗಳಲ್ಲಿ ಹತ್ತಿರ ಏನಿದೆ ಅಂತ ನೋಡುವ ನಿಜವಾದ ಸೆನ್ಸರ್ ಇರುವುದಿಲ್ಲ, ಸಾಫ್ಟ್‌ವೇರ್ ಅಂದಾಜಿನ ಮೇಲೆ ನಡೆಯುತ್ತದೆ.

ಇಂಜಿನಿಯರಿಂಗ್ ವಿದ್ಯಾರ್ಥಿ, ಬೀದರ್

ಇಷ್ಟೆಲ್ಲ ಯಾಕೆ ಅಣ್ಣಾ, ಆ ತುರ್ತು ಕರೆಯ ಸೌಲಭ್ಯ, ಎಮರ್ಜೆನ್ಸಿ ಎಸ್‌ಒಎಸ್, ಸುಮ್ನೆ ಆಫ್ ಮಾಡಿಬಿಡಿ. ನಾನು ಹಾಗೇ ಮಾಡಿದ್ದೇನೆ. ಐಫೋನ್ ಇರುವವರಿಗೆ ಒಂದು ಮಾತು: ಹಿಂಭಾಗ ತಟ್ಟಿದರೆ ಏನಾದರೂ ತೆರೆಯುತ್ತಿದ್ದರೆ ಆಕ್ಸೆಸಿಬಿಲಿಟಿ, ಟಚ್, ಬ್ಯಾಕ್ ಟ್ಯಾಪ್ ಒಳಗೆ ಹೋಗಿ "ನನ್" (None) ಅಂತ ಆರಿಸಿ.

ಶಾಲಾ ಶಿಕ್ಷಕಿ, ಚಿಂಚೋಳಿ

ತಮ್ಮಾ, ಆಫ್ ಮಾಡಿ ಅಂತ ಎಲ್ಲರಿಗೂ ಹೇಳಬೇಡಪ್ಪಾ. ಕತ್ತಲಾದ ಮೇಲೆ ಒಬ್ಬಳೇ ತಾಂಡಾದ ರಸ್ತೆಯಲ್ಲಿ ಸ್ಕೂಟಿ ಓಡಿಸುವವಳು ನಾನು, ನನಗೆ ಅದು ಬೇಕು. ಸುಮ್ನೆ ಬಂದದ್ದೂ ಅಲ್ಲ. ಫೋನಿನಲ್ಲಿ ತುರ್ತು ಬಟನ್ ಇರಲೇಬೇಕು ಅಂತ ಕೇಂದ್ರ ಸರ್ಕಾರ 2016ರಲ್ಲೇ ನಿಯಮ ಮಾಡಿದೆ. ಅದರಲ್ಲಿ ಪವರ್ ಬಟನ್ ಮೂರು ಸಲ ಒತ್ತುವ ಮಾತಿತ್ತು, ಅದಕ್ಕೇ ಕೆಲವು ಫೋನ್‌ಗಳಲ್ಲಿ ಮೂರೇ ಸಲಕ್ಕೆ ಕರೆ ಹೋಗುತ್ತದೆ.

ಕಂಡಕ್ಟರ್ ಅಣ್ಣಾ, ಸೆಟ್ಟಿಂಗ್ಸ್‌ನಲ್ಲಿ ಸೇಫ್ಟಿ ಆಂಡ್ ಎಮರ್ಜೆನ್ಸಿ ತೆರೆಯಿರಿ. ಎಸ್‌ಒಎಸ್ ಒಳಗೆ, ಹೊಸ ಆಂಡ್ರಾಯ್ಡ್ ಆಗಿದ್ದರೆ, ಎರಡು ಆಯ್ಕೆ ಸಿಗಬಹುದು. ಒಂದು, ಎಣಿಕೆ ಮುಗಿದ ಕೂಡಲೇ ತಾನೇ ಕರೆ ಹೋಗುವುದು. ಇನ್ನೊಂದು, ಸ್ಕ್ರೀನ್ ಮೇಲಿನ ಬಟನ್ ಮೂರು ಸೆಕೆಂಡ್ ಒತ್ತಿ ಹಿಡಿದರೆ ಮಾತ್ರ ಹೋಗುವುದು. ಎರಡನೆಯದನ್ನು ಆರಿಸಿ. ಬ್ಯಾಗಿಗೆ ಅದು ಸಾಧ್ಯವಿಲ್ಲ ಅಲ್ವಾ? ಅಕಸ್ಮಾತ್ ಕರೆ ಹೋಗಿಯೇ ಬಿಟ್ಟರೆ ಕಟ್ ಮಾಡಿ ಸುಮ್ಮನಿರಬೇಡಿ, ತಪ್ಪಿ ಒತ್ತಿಹೋಯಿತು ಅಂತ ಹೇಳಿ ಇಡಿ.

ಬಸ್ ಕಂಡಕ್ಟರ್, ಯಾದಗಿರಿ

ಒತ್ತಿ ಹಿಡಿಯುವ ಆಯ್ಕೆ ಸಿಕ್ಕಿತು ಮೇಡಂ. ಸೈರನ್ ಶಬ್ದಕ್ಕೂ ಅಲ್ಲೇ ಬಟನ್ ಇತ್ತು, ಆಫ್ ಮಾಡಿದೆ. ಕ್ಯಾಮೆರಾ ಶಾರ್ಟ್‌ಕಟ್, ಎರಡು ಸಲ ತಟ್ಟುವುದು ಎರಡೂ ತೆಗೆದೆ. ಬಲಜೇಬು ಮಾತ್ರ ಆಗುವುದಿಲ್ಲ ರೀ, ಅಲ್ಲಿ ಚಿಲ್ಲರೆ ಇರುತ್ತದೆ. ಅಂಗಿಯ ಮೇಲ್ಜೇಬಿಗೆ ಹಾಕಿದ್ದೇನೆ, ಬಗ್ಗಿದರೆ ಬೀಳುತ್ತದೆ ಅಂತ ಭಯ.

ಇನ್ನೊಂದು. ನಮ್ಮ ಅಪ್ಪಾಜಿ ಫೋನು ಮುಟ್ಟಿದ್ದನ್ನೆಲ್ಲ ಗಟ್ಟಿಯಾಗಿ ಓದಿ ಹೇಳುತ್ತಿದೆ. ಒಂದು ಸಲ ಮುಟ್ಟಿದರೆ ಏನೂ ತೆರೆಯುವುದಿಲ್ಲ. ಇದೂ ಇದೇ ರೋಗವಾ?

ಮೊಬೈಲ್ ರಿಪೇರಿ, ಸೂಪರ್ ಮಾರ್ಕೆಟ್, ಕಲಬುರಗಿ

ಅದು ಟಾಕ್‌ಬ್ಯಾಕ್, ಕಣ್ಣು ಕಾಣದವರಿಗಾಗಿ ಇರುವ ಸೌಲಭ್ಯ. ವಾಲ್ಯೂಮಿನ ಎರಡೂ ಬಟನ್ ಸ್ವಲ್ಪ ಹೊತ್ತು ಒಟ್ಟಿಗೆ ಒತ್ತಿ ಹಿಡಿದಿರುತ್ತಾರೆ. ಮತ್ತೆ ಹಾಗೇ ಒತ್ತಿ ಹಿಡಿಯಲು ಹೇಳಿ, ನಿಲ್ಲುತ್ತದೆ. ನಿಲ್ಲದಿದ್ದರೆ ಸೆಟ್ಟಿಂಗ್ಸ್‌ಗೆ ಹೋಗಬೇಕು: ಒಂದು ಸಲ ಮುಟ್ಟಿ ಆರಿಸಿ, ಆಮೇಲೆ ಎರಡು ಸಲ ತಟ್ಟಿ ತೆರೆಯಿರಿ, ಮೇಲೆ ಕೆಳಗೆ ಸರಿಸಲು ಎರಡು ಬೆರಳು. ಆಕ್ಸೆಸಿಬಿಲಿಟಿ ಒಳಗೆ ಟಾಕ್‌ಬ್ಯಾಕ್ ಆಫ್ ಮಾಡಿ, ಅದರ ಕೆಳಗಿನ ಶಾರ್ಟ್‌ಕಟ್ಟನ್ನೂ ತೆಗೆಯಿರಿ. ಶಾರ್ಟ್‌ಕಟ್ ಬಿಟ್ಟರೆ ನಾಳೆ ಮತ್ತೆ ಮಾತಾಡಲು ಶುರು ಮಾಡುತ್ತದೆ.