ಸಹಾಯ ಬೇಕು: ಕನ್ನಡ ಪೋಸ್ಟರ್‌ಗೆ ಯಾವ ಉಚಿತ ತಂತ್ರಾಂಶ?

ಎಲ್ಲರಿಗೂ ನಮಸ್ಕಾರ. ಪುಣೆಯಲ್ಲಿ ಓದುತ್ತಿದ್ದೇನೆ. ನವೆಂಬರ್ 1ರ ರಾಜ್ಯೋತ್ಸವಕ್ಕೆ ಹಾಸ್ಟೆಲಿನ ಕನ್ನಡದ ಹುಡುಗರ ಪೋಸ್ಟರ್ ನನ್ನ ಪಾಲಿಗೆ ಬಂದಿದೆ. ದುಡ್ಡು ಕೊಟ್ಟು ಫೋಟೋಶಾಪ್ ಕೊಳ್ಳುವ ಶಕ್ತಿಯಿಲ್ಲ. ಫೋಟೋಪಿಯಾ ಎಂಬ ಉಚಿತ ಫೋಟೋ ತಿದ್ದುವ ತಾಣ ಬ್ರೌಸರಿನಲ್ಲೇ ತೆರೆಯುತ್ತದೆ, ಆದರೆ ಸಂಜೆಯಾದರೆ ಇಲ್ಲಿ ಇಂಟರ್ನೆಟ್ ಕೈಕೊಡುತ್ತದೆ.

ಕೊನೆಗೆ ಜಿಂಪ್ ಎಂಬ ಉಚಿತ ಫೋಟೋ ತಂತ್ರಾಂಶ ಹಾಕಿಕೊಂಡೆ. ಫೋಟೋ ಕತ್ತರಿಸುವುದು, ಬೆಳಕು ಸರಿಪಡಿಸುವುದು ಕೈಗೆ ಬಂತು. ಯೂನಿಕೋಡ್ ಅಕ್ಷರವೂ ಚೆನ್ನಾಗಿ ಕೂತಿದೆ. ‘ರಾಜ್ಯೋತ್ಸವ’ದ ಒತ್ತಕ್ಷರಗಳು ತಮ್ಮ ಜಾಗದಲ್ಲೇ ಇರುವುದನ್ನು ನೋಡಿ ನಿಜಕ್ಕೂ ಸಂತೋಷವಾಯಿತು. ಮುದ್ರಣದ ಅಂಗಡಿಯವರು ಮಾತ್ರ ಸಿಎಂವೈಕೆ (ಮುದ್ರಣದ ನಾಲ್ಕು ಶಾಯಿಗಳ ಬಣ್ಣ ಪದ್ಧತಿ) ಫೈಲೇ ಬೇಕು, ಆರ್‌ಜಿಬಿ (ಪರದೆಯ ಕೆಂಪು-ಹಸಿರು-ನೀಲಿ ಪದ್ಧತಿ) ಕೊಟ್ಟರೆ ಬಾವುಟದ ಹಳದಿ, ಕೆಂಪು ಮಂಕಾಗುತ್ತವೆ ಎನ್ನುತ್ತಾರೆ. ಕ್ರಿಟಾ ಎಂಬ ಇನ್ನೊಂದು ಉಚಿತ ತಂತ್ರಾಂಶದಲ್ಲಿ ಸಿಎಂವೈಕೆ ಇದೆ, ಆದರೆ ಅದು ಮುಖ್ಯವಾಗಿ ಚಿತ್ರ ಬಿಡಿಸುವವರಿಗೆ.

ಜಿಂಪ್‌ನಲ್ಲಿ ಮುಗಿಸಿದ್ದನ್ನು ಕ್ರಿಟಾದಲ್ಲಿ ತೆರೆದು ಬಣ್ಣ ಬದಲಿಸಿ ಕೊಟ್ಟರೆ ಸಾಕೇ, ಇಲ್ಲವೇ ಮೊದಲಿನಿಂದ ಕ್ರಿಟಾದಲ್ಲೇ ಮಾಡಬೇಕೇ? ಕನ್ನಡ ಪೋಸ್ಟರ್ ಮುದ್ರಿಸಿ ಅನುಭವವಿರುವವರು ದಯವಿಟ್ಟು ತಿಳಿಸಿ.