ಸ್ಫಿಂಕ್ಸ್‌ಗೆ ಬಂದ ಮೇಲೆ ಬ್ಯಾಕ್‌ಟಿಕ್ ಎಲ್ಲಾ ಇಟಾಲಿಕ್, ಜೊತೆಗೆ ಬಿಲ್ಡ್ ಫೇಲ್

ಪುಟಗೂಡು:
ನಮಸ್ಕಾರ. ಒಂದು ಓಪನ್ ಸೋರ್ಸ್ ಟೂಲ್‌ನ ಡಾಕ್ಯುಮೆಂಟೇಶನ್ ನೋಡಿಕೊಳ್ಳುತ್ತಿದ್ದೇನೆ. ಇಷ್ಟು ದಿನ ಎಲ್ಲಾ ಮಾರ್ಕ್‌ಡೌನ್‌ನಲ್ಲಿತ್ತು (ಸರಳ ಚಿಹ್ನೆಗಳಿಂದ ಪಠ್ಯದ ರೂಪ ಸೂಚಿಸುವ ಬರಹದ ಕ್ರಮ). ಈಗ ಸ್ಫಿಂಕ್ಸ್‌ಗಾಗಿ (ಇಂಥ ಫೈಲುಗಳಿಂದ ಡಾಕ್ಯುಮೆಂಟೇಶನ್ ಪುಟಗಳನ್ನು ತಯಾರಿಸುವ, ಅಂದರೆ ಬಿಲ್ಡ್ ಮಾಡುವ ಟೂಲ್) ರೀಸ್ಟ್ರಕ್ಚರ್ಡ್‌ಟೆಕ್ಸ್ಟ್ ಎಂಬ ಇನ್ನೊಂದು ಕ್ರಮಕ್ಕೆ ಬದಲಾಯಿಸುತ್ತಿದ್ದೇವೆ. ಕನ್ನಡದ ಪುಟಗಳೂ ಇವೆ.

ಬ್ಯಾಕ್‌ಟಿಕ್ (`) ಒಳಗಿನ ಕಮಾಂಡ್‌ಗಳು ಕೋಡ್ ಥರ ಕಾಣದೆ ಇಟಾಲಿಕ್ ಆಗಿವೆ. ಪಟ್ಟಿಯೊಳಗಿನ ಪಟ್ಟಿ ಮೇಲಿನ ಸಾಲಿಗೆ ಅಂಟಿಕೊಂಡಿದೆ. ಕನ್ನಡ ಶೀರ್ಷಿಕೆಗಳಿಗೆ 'ಟೈಟಲ್ ಅಂಡರ್‌ಲೈನ್ ಟೂ ಶಾರ್ಟ್' (ಶೀರ್ಷಿಕೆಯ ಕೆಳಗೆ ಚಿಹ್ನೆಗಳಿಂದ ಎಳೆದ ಗೆರೆ ಸಾಲದು) ಅಂತ ವಾರ್ನಿಂಗ್. ವಿಚಿತ್ರ ಅಂದರೆ ನನ್ನ ಕಂಪ್ಯೂಟರ್‌ನಲ್ಲಿ ಬಿಲ್ಡ್ ಆಗುತ್ತದೆ, ಸರ್ವರ್‌ನಲ್ಲಿ ಮಾತ್ರ ಫೇಲ್.

ಸಾಲುಮುರುಕ:
ಬ್ಯಾಕ್‌ಟಿಕ್ ಸುಲಭ. ಮಾರ್ಕ್‌ಡೌನ್‌ನಲ್ಲಿ ಒಂದು ಸಾಕು, ಇಲ್ಲಿ ಕೋಡ್‌ಗೆ ಎರಡೆರಡು ಬೇಕು. ಒಂದೇ ಹಾಕಿದರೆ ಅದನ್ನು ಯಾವುದೋ ಕೃತಿಯ ಹೆಸರು ಅಂತ ತಿಳಿದು ಇಟಾಲಿಕ್ ಮಾಡುತ್ತದೆ.

ಒಳಪಟ್ಟಿಯ ಮೊದಲು ಒಂದು ಖಾಲಿ ಸಾಲು, ನಂತರ ಒಂದು ಖಾಲಿ ಸಾಲು ಬಿಡಿ. ಒಳಪಟ್ಟಿಯ ಗುರುತು ಹೊರಪಟ್ಟಿಯ ಪಠ್ಯ ಶುರುವಾಗುವ ಜಾಗಕ್ಕೇ ಸರಿಯಾಗಿ ಬರಬೇಕು.

ಶೀರ್ಷಿಕೆ ವಿಷಯದಲ್ಲಿ ಕಣ್ಣಳತೆ ನಡೆಯಲ್ಲ. ಕೆಳಗಿನ ಗೆರೆ ಶೀರ್ಷಿಕೆಯಷ್ಟಾದರೂ ಉದ್ದ ಇರಬೇಕು. ಆದರೆ ಕನ್ನಡದ ಸ್ವರಚಿಹ್ನೆಗಳನ್ನು ಅದು ಬೇರೆ ಬೇರೆಯಾಗಿ ಎಣಿಸುತ್ತದೆ. 'ಸ್ಥಾಪಿಸುವುದು' ನಮಗೆ ಐದು ಅಕ್ಷರ, ಅದರ ಲೆಕ್ಕದಲ್ಲಿ ಹತ್ತು ದಾಟುತ್ತದೆ. ಗೆರೆ ಉದ್ದ ಆದರೆ ತಕರಾರಿಲ್ಲ. ಹಾಗಾಗಿ ಕನ್ನಡ ಫೈಲುಗಳಲ್ಲಿ ಸುಮ್ನೆ ಎಲ್ಲಾ ಗೆರೆಗಳನ್ನೂ 40 ಚಿಹ್ನೆಗೆ ಎಳೆದುಬಿಡಿ.

ಸರ್ವರ್‌ನಲ್ಲಿ ಪ್ರತಿ ವಾರ್ನಿಂಗನ್ನೂ ಎರರ್ ಮಾಡುವ ಆಯ್ಕೆ ಆನ್ ಇರಬೇಕು. ನಿಮ್ಮಲ್ಲಿ ಅದಿಲ್ಲ. ಅಲ್ಲದೆ ಸ್ಫಿಂಕ್ಸ್ ಬದಲಾಗದ ಫೈಲುಗಳನ್ನು ಮತ್ತೆ ಓದುವುದಿಲ್ಲ, ಹಳೆಯ ವಾರ್ನಿಂಗ್ ಮತ್ತೆ ತೋರಿಸುವುದೂ ಇಲ್ಲ. ಬಿಲ್ಡ್ ಫೋಲ್ಡರ್ ಅಳಿಸಿ ಓಡಿಸಿ ನೋಡಿ.

ಪುಟಗೂಡು:
ಅಳಿಸಿ ಓಡಿಸಿದೆ, ವಾರ್ನಿಂಗ್‌ಗಳ ಮಳೆ! ಹೆಚ್ಚಿನವು ಸರಿಹೋದವು. ಆದರೆ ಬ್ಯಾಕ್‌ಟಿಕ್ ಎರಡೆರಡು ಹಾಕಿದ ಮೇಲೂ ಕನ್ನಡ ಪುಟಗಳ ಕೆಲವು ಕಡೆ ಅವು ಹಾಗೇ ಪರದೆಯ ಮೇಲೆ ಕಾಣುತ್ತಿವೆ. ಇಂಗ್ಲಿಷ್ ಪುಟಗಳಲ್ಲಿ ಏನೂ ತೊಂದರೆ ಇಲ್ಲ. ಒಂದು ಪ್ಯಾರಾದಲ್ಲಂತೂ ಅರ್ಧ ವಾಕ್ಯವೇ ಕೋಡ್ ಆಗಿಬಿಟ್ಟಿದೆ, ಅಲ್ಲಿ ವಾರ್ನಿಂಗ್ ಕೂಡ ಇಲ್ಲ.

ಸಾಲುಮುರುಕ:
ಆ ಜಾಗಗಳಲ್ಲಿ ಬ್ಯಾಕ್‌ಟಿಕ್ ಮುಗಿದ ತಕ್ಷಣ 'ಗೆ', 'ನಲ್ಲಿ', 'ನಿಂದ' ಅಂಟಿಕೊಂಡಿದೆಯಾ?

ಪುಟಗೂಡು:
ಹೌದು! ``ಗಿಟ್``ನಲ್ಲಿ, ``ಪಿಪ್``ನಿಂದ, ಎಲ್ಲಾ ಹೀಗೇ ಇದೆ.

ಸಾಲುಮುರುಕ:
ಅದೇ ಕಾರಣ. ಇಲ್ಲಿ ಮುಗಿಸುವ ಬ್ಯಾಕ್‌ಟಿಕ್ ನಂತರ ಜಾಗ ಅಥವಾ ವಿರಾಮಚಿಹ್ನೆ ಇರಲೇಬೇಕು. ಅಕ್ಷರ ಬಂದರೆ ಕೋಡ್ ಮುಗಿದಿಲ್ಲ ಅಂತಲೇ ಲೆಕ್ಕ. ಅದು ಮುಂದಕ್ಕೆ ಹುಡುಕುತ್ತಾ ಹೋಗುತ್ತದೆ. ಅದೇ ಪ್ಯಾರಾದಲ್ಲಿ ಸರಿಯಾಗಿ ಮುಗಿಯುವ ಇನ್ನೊಂದು ಜೋಡಿ ಸಿಕ್ಕರೆ ಅಲ್ಲಿಯವರೆಗೆ ಎಲ್ಲವೂ ಕೋಡ್. ನಿಮ್ಮ ಅರ್ಧ ವಾಕ್ಯ ಹೋದದ್ದು ಹೀಗೆ, ನಿಯಮದ ಪ್ರಕಾರ ತಪ್ಪೇ ಇಲ್ಲದ ಕಾರಣ ವಾರ್ನಿಂಗ್ ಇಲ್ಲ. ಸಿಗದಿದ್ದರೆ ವಾರ್ನಿಂಗ್ ಬರುತ್ತದೆ, ಬ್ಯಾಕ್‌ಟಿಕ್ ಪರದೆ ಮೇಲೆ ಉಳಿಯುತ್ತದೆ. ಇಂಗ್ಲಿಷ್‌ನಲ್ಲಿ ಪ್ರತ್ಯಯ ಹೀಗೆ ಅಂಟುವುದು ಕಡಿಮೆ, ಅದಕ್ಕೇ ಅಲ್ಲಿ ಕಾಣಿಸಲಿಲ್ಲ.

ದಾರಿ ಎರಡಿವೆ. ಬ್ಯಾಕ್‌ಟಿಕ್ ಮತ್ತು ಪ್ರತ್ಯಯದ ನಡುವೆ ಒಂದು ಬ್ಯಾಕ್‌ಸ್ಲ್ಯಾಷ್, ಅದರ ಹಿಂದೆಯೇ ಒಂದು ಸ್ಪೇಸ್ ಹಾಕಿ: ``ಗಿಟ್``\ ನಲ್ಲಿ. ಪುಟದಲ್ಲಿ ಎರಡೂ ಮಾಯವಾಗಿ ಪದ ಒಟ್ಟಿಗೆ ಕಾಣುತ್ತದೆ. ಇಲ್ಲವೇ ವಾಕ್ಯ ಬದಲಿಸಿ: ``ಗಿಟ್`` ಕಮಾಂಡ್‌ನಲ್ಲಿ. ನನಗೆ ಎರಡನೆಯದೇ ಇಷ್ಟ. ಬ್ಯಾಕ್‌ಸ್ಲ್ಯಾಷ್ ಕಂಡ ಹೊಸಬರು ಅದನ್ನು ತಪ್ಪು ಅಂತ ಅಳಿಸುತ್ತಾರೆ, ಮತ್ತೆ ಅದೇ ಕಥೆ.

ಕೊಂಡಿಬಳ್ಳಿ:
ಡಾಕ್‌ಯುಟಿಲ್ಸ್‌ನಲ್ಲಿ (ಸ್ಫಿಂಕ್ಸ್ ಪರವಾಗಿ ಈ ಪಠ್ಯವನ್ನು ಓದುವ ಲೈಬ್ರರಿ) ಪದದ ನಡುವೆಯೂ ಮಾರ್ಕಪ್, ಅಂದರೆ ರೂಪ ಸೂಚಿಸುವ ಚಿಹ್ನೆ, ಒಪ್ಪುವ ಸೆಟ್ಟಿಂಗ್ ಇದೆಯಲ್ಲ, ಅದನ್ನು ಆನ್ ಮಾಡಿದರೆ ಆಗಲ್ವಾ?

ಸಾಲುಮುರುಕ:
ಇದೆ, ಆದರೆ ಎಲ್ಲಾ ಫೈಲುಗಳಿಗೂ ಅನ್ವಯ ಆಗುತ್ತದೆ. ಆಗ ಪದಗಳ ನಡುವಿನ ನಕ್ಷತ್ರ ಚಿಹ್ನೆಗಳೂ ಮಾರ್ಕಪ್ ಆಗಿ ಹೊಸ ತಲೆನೋವು. ನಾನಂತೂ ಮುಟ್ಟಲ್ಲ.

ಕೊಂಡಿಬಳ್ಳಿ:
ಸರಿ. ಇನ್ನೊಂದು ಸಮಸ್ಯೆ ಮುಂದೆ ಬರುತ್ತದೆ, ಈಗಲೇ ಹೇಳುತ್ತೇನೆ. ಕನ್ನಡ ಶೀರ್ಷಿಕೆಗಳ ಲಿಂಕಿನ ಕೊನೆಯಲ್ಲಿ 'ಐಡಿ1', 'ಐಡಿ2' ಅಂತ ಬರುತ್ತದೆ, ಯಾಕೆಂದರೆ ಲಿಂಕಿನ ಆ ಭಾಗವನ್ನು ಶೀರ್ಷಿಕೆಯಿಂದ ರೂಪಿಸುವಾಗ ಇಂಗ್ಲಿಷ್ ಅಲ್ಲದ ಅಕ್ಷರಗಳನ್ನು ಬಿಡಲಾಗುತ್ತದೆ. ನಡುವೆ ಒಂದು ಹೊಸ ಭಾಗ ಸೇರಿಸಿದರೆ ಮುಂದಿನ ಸಂಖ್ಯೆಗಳು ಸರಿದು, ಯಾರೋ ಹಂಚಿದ ಹಳೆ ಲಿಂಕ್ ಬೇರೆ ಕಡೆ ಹೋಗುತ್ತದೆ. ಮುಖ್ಯ ಶೀರ್ಷಿಕೆಗಳ ಮೇಲೆ ಇಂಗ್ಲಿಷ್ ಅಕ್ಷರಗಳಲ್ಲಿ ಒಂದು ಲೇಬಲ್ ಬರೆದಿಡಿ.

ಪುಟಗೂಡು:
ಲೇಬಲ್ ಹಾಕುತ್ತೇನೆ. ಶೀರ್ಷಿಕೆಯ ಯಾವ ಮಟ್ಟಕ್ಕೆ ಯಾವ ಚಿಹ್ನೆ? ಒಂದೊಂದು ಫೈಲಿನಲ್ಲಿ ಒಂದೊಂದು ಥರ ಇದೆ.

ಕೊಂಡಿಬಳ್ಳಿ:
ಭಾಷೆಯಲ್ಲಿ ಅದಕ್ಕೆ ನಿಯಮ ಇಲ್ಲ, ಫೈಲಿನಲ್ಲಿ ಮೊದಲು ಬಂದ ಚಿಹ್ನೆಯೇ ಮೇಲಿನ ಮಟ್ಟ. ಪ್ರಾಜೆಕ್ಟ್‌ಗಳು ತಾವೇ ತೀರ್ಮಾನಿಸುತ್ತವೆ. 2016ರಿಂದ ಸ್ಫಿಂಕ್ಸ್ ಬಳಸುತ್ತಿರುವ ಲಿನಕ್ಸ್ ಕರ್ನಲ್‌ನಲ್ಲಿ ಪುಟದ ಶೀರ್ಷಿಕೆಗೆ ಮೇಲೂ ಕೆಳಗೂ ಸಮಚಿಹ್ನೆ, ಅಧ್ಯಾಯಕ್ಕೆ ಕೆಳಗೆ ಮಾತ್ರ ಸಮಚಿಹ್ನೆ, ನಂತರ ಅಡ್ಡಗೆರೆ, ಆಮೇಲೆ ಟಿಲ್ಡೆ (~). ಅದನ್ನೇ ತೆಗೆದುಕೊಳ್ಳಿ, ಹೊಸದು ಕಂಡುಹಿಡಿಯುವ ಕೆಲಸ ತಪ್ಪುತ್ತದೆ. ಆದರೆ ಈ ಬದಲಾವಣೆಯನ್ನು ಬೇರೆ ಪ್ಯಾಚ್‌ನಲ್ಲಿ (ಒಟ್ಟಿಗೆ ಕಳಿಸುವ ಬದಲಾವಣೆಗಳ ಕಂತೆ) ಕಳಿಸಿ. ಬ್ಯಾಕ್‌ಟಿಕ್ ರಿಪೇರಿ ಜೊತೆ ಸೇರಿಸಿದರೆ ರಿವ್ಯೂ ಮಾಡುವವರಿಗೆ ಏನೂ ಕಾಣುವುದಿಲ್ಲ.

ಪುಟಗೂಡು:
ಪ್ರತ್ಯಯದ ಜಾಗಗಳನ್ನೆಲ್ಲ ಹುಡುಕಿ ವಾಕ್ಯ ಬದಲಿಸಿದೆ. ಸರ್ವರ್‌ನಲ್ಲಿ ಬಿಲ್ಡ್ ಪಾಸ್. ಶೀರ್ಷಿಕೆಗಳಿಗೆ ಬೇರೆ ಪ್ಯಾಚ್ ತೆರೆದಿದ್ದೇನೆ. ಇಬ್ಬರಿಗೂ ಥ್ಯಾಂಕ್ಸ್, 'ಪರಿಹಾರವಾಗಿದೆ' ಅಂತ ಗುರುತು ಹಾಕುತ್ತಿದ್ದೇನೆ.