ಸಹಾಯ ಬೇಕು: ಅಮ್ಮನ ನಿದ್ದೆಗೆ ಯಾವ ಲ್ಯಾವೆಂಡರ್ ಎಣ್ಣೆ?

ಅಮ್ಮನಿಗೆ ರಾತ್ರಿ ನಿದ್ದೆ ಹತ್ತುವುದೇ ಕಷ್ಟವಾಗಿದೆ. ಡಾಕ್ಟರಿಗೆ ತೋರಿಸಿದ್ದಾಯಿತು, ಸಂಜೆ ಕಾಫಿ ಬಿಡಿಸಿದ್ದೂ ಆಯಿತು. ಈಗ ಹತ್ತಿಯ ಮೇಲೆ ಎರಡು ಹನಿ ಲ್ಯಾವೆಂಡರ್ ಎಣ್ಣೆ ಹಾಕಿ ದಿಂಬಿನ ಪಕ್ಕ ಇಡುತ್ತಿದ್ದೇನೆ. ಆದರೆ ಅದು ಹೂವಿನ ಹಾಗೆ ಘಮ್ಮನ್ನುವುದಿಲ್ಲ, ಕರ್ಪೂರದ ಹಾಗೆ ಮೂಗಿಗೆ ಹೊಡೆಯುತ್ತದೆ. ಅಮ್ಮನಿಗೆ ಇನ್ನೂ ಎಚ್ಚರವಾಗುತ್ತದಂತೆ!

ನಿದ್ದೆಗೆ ಹೆಚ್ಚಾಗಿ ಹೇಳುವುದು ಲ್ಯಾವಂಡುಲಾ ಅಂಗುಸ್ಟಿಫೋಲಿಯಾ ಗಿಡದ ಎಣ್ಣೆ. ಲ್ಯಾವೆಂಡಿನ್ ಅನ್ನುವ ಮಿಶ್ರತಳಿಯಲ್ಲಿ ಕರ್ಪೂರದ ಅಂಶ ಜಾಸ್ತಿ, ಬೆಲೆಯೂ ಕಡಿಮೆ. ನಮ್ಮ ಬಾಟಲಿ ಮೇಲೆ ಸುಮ್ನೆ ‘ಲ್ಯಾವೆಂಡರ್ ಆಯಿಲ್, 100% ಶುದ್ಧ’ ಅಂತಿದೆ, ಗಿಡದ ಹೆಸರೇ ಇಲ್ಲ. ಅಂಗಡಿಯವರು ಎಲ್ಲಾ ಒಂದೇ ಅನ್ನುತ್ತಾರೆ. ಹಾಗೆ ಹೇಗಾಗುತ್ತದೆ, ಅಲ್ವಾ?

ಬಳಸಿ ಗೊತ್ತಿರುವವರು ದಯವಿಟ್ಟು ಹೇಳಿ: ಈ ವಾಸನೆ ಇದ್ದರೆ ಅದು ಲ್ಯಾವೆಂಡಿನ್ನೇ ಇರಬಹುದಾ? ಹೊಸದು ತರುವಾಗ ಲೇಬಲ್‌ನಲ್ಲಿ ಗಿಡದ ಹೆಸರಿನ ಜೊತೆ ಇನ್ನೇನು ನೋಡಬೇಕು?